ಐದು ಡಿಗ್ರಿ ಅಂದರೆ ಎಷ್ಟು? ಸೆಲ್ಸಿಯಸ್, ಫ್ಯಾರನ್‌ಹೀಟ್ ಲೆಕ್ಕ ಗೊತ್ತಿಲ್ಲದೆ ಆಗೋ ನಷ್ಟ

ನಮ್ಮ ತೋಟದ ಮನೆಯಲ್ಲಿ ಸದ್ಯ ಐದು ಥರ್ಮಾಮೀಟರ್ ಇವೆ. ಮಕ್ಕಳ ಜ್ವರ ನೋಡೋದು ಒಂದು, ಹಸುವಿಗೆ ಇನ್ನೊಂದು. ಇವೆರಡೂ ಫ್ಯಾರನ್‌ಹೀಟ್. ಕೋಳಿಮರಿ ಬ್ರೂಡರ್‌ನಲ್ಲಿ ನೇತಾಡೋ ಡಿಜಿಟಲ್ ಮೀಟರ್, ಗೊಬ್ಬರದ ಗುಡ್ಡೆಗೆ ಚುಚ್ಚುವ ಉದ್ದನೆ ಕಡ್ಡಿ, ಇವು ಸೆಲ್ಸಿಯಸ್. ಹುಳುಮನೆ ಗೋಡೆಯ ಮೇಲಿರುವುದು ಮಾತ್ರ ಎರಡೂ ಭಾಷೆ ಬಲ್ಲ ಬುದ್ಧಿವಂತ: ಪಾದರಸದ ಎಡಕ್ಕೆ ಒಂದು ಸಾಲು ಅಂಕಿ, ಬಲಕ್ಕೆ ಇನ್ನೊಂದು ಸಾಲು. ಇನ್ನು ಜೇಬಲ್ಲಿರೋ ಫೋನ್ ಹವಾಮಾನ ಹೇಳೋದು ಸೆಲ್ಸಿಯಸ್‌ನಲ್ಲಿ, ಅದೇ ಫೋನಲ್ಲಿ ನಾವು ನೋಡೋ ಅಮೆರಿಕದ ಕೃಷಿ ವಿಡಿಯೋ ಮಾತಾಡೋದು ಫ್ಯಾರನ್‌ಹೀಟ್‌ನಲ್ಲಿ. ಒಂದೇ ದಿನದಲ್ಲಿ ಒಬ್ಬ ರೈತ ಎರಡು ಅಳತೆಯ ನಡುವೆ ಹತ್ತು ಸಲ ಓಡಾಡ್ತಾನೆ. ಬಹಳಷ್ಟು ಸಲ ಅವನಿಗೇ ಗೊತ್ತಿರೋದಿಲ್ಲ.

ಇದೇನು ಏಳನೇ ಕ್ಲಾಸಿನ ವಿಜ್ಞಾನ ಪಾಠ ಶುರು ಮಾಡಿದ ಅಂದುಕೊಳ್ಳಬೇಡಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲ್ಲೂಕಿನ ಹುಡುಗರು ನನಗೆ ಕಳಿಸೋ ಪ್ರಶ್ನೆಗಳಲ್ಲಿ ಎಷ್ಟೋ ಪ್ರಶ್ನೆಗಳ ಬುಡದಲ್ಲಿ ಇರೋದು ಇದೇ ಗೊಂದಲ. ಗೊಬ್ಬರ ಕಾಯ್ತಾ ಇಲ್ಲ, ಬೀಜ ಮೊಳಕೆ ಬರಲಿಲ್ಲ, ಮರಿ ಸತ್ತವು. ವಿಚಾರಿಸುತ್ತಾ ಹೋದರೆ ಕೊನೆಗೆ ಸಿಗೋದು ಒಂದು ಅಂಕಿ, ಅದರ ಮುಂದೆ ಬರೀ "ಡಿಗ್ರಿ" ಅಂತ. ಯಾವ ಡಿಗ್ರಿ ಅಂತ ಯಾರೂ ಕೇಳಿರಲ್ಲ.

ಬುಟ್ಟಿ ತುಂಬ ಸತ್ತ ಮರಿ

ಹೋದ ಚಳಿಗಾಲದ ಮಾತು. ಪಕ್ಕದೂರಿನ ಹುಡುಗನೊಬ್ಬ ನಾಟಿ ಕೋಳಿ ಸಾಕಣೆಗೆ ಇಳಿದ. ಶೆಡ್ ಚೆನ್ನಾಗಿತ್ತು, ಭತ್ತದ ಹೊಟ್ಟಿನ ಹಾಸು ಚೆನ್ನಾಗಿತ್ತು, ಬಲ್ಬಿಗೆ ಥರ್ಮೋಸ್ಟಾಟ್ ಬೇರೆ ಹಾಕಿಸಿದ್ದ. ಮೊದಲ ವಾರ ಒಂದು ಮರಿಯೂ ಸಾಯಲಿಲ್ಲ. ಮೂರನೇ ವಾರ ಬೆಳಗ್ಗೆ ಎದ್ದು ನೋಡಿದರೆ ಮರಿಗಳು ಮೂಲೆಯಲ್ಲಿ ಒಂದರ ಮೇಲೊಂದು ಹತ್ತಿ ಬಿದ್ದಿವೆ, ಅಡಿಯಲ್ಲಿದ್ದವು ಉಸಿರುಗಟ್ಟಿ ಸತ್ತಿವೆ. ಎರಡೇ ದಿನದಲ್ಲಿ ಬುಟ್ಟಿ ತುಂಬ ಸತ್ತ ಮರಿ ಹೊರಗೆ ಹಾಕಿದ. ಮರಿ ಕೊಟ್ಟವರನ್ನ ಬೈದ, ಲಸಿಕೆಯನ್ನ ಬೈದ.

ಅವನ ಫೋನಲ್ಲಿದ್ದ ವಿಡಿಯೋ ನೋಡಿದ ಮೇಲೆ ವಿಷಯ ಗೊತ್ತಾಯ್ತು. ಅದರಲ್ಲಿ ಅಮೆರಿಕದ ಹೆಣ್ಣುಮಗಳೊಬ್ಬಳು ಹೇಳ್ತಾಳೆ: ಮೊದಲ ವಾರ 95 ಡಿಗ್ರಿ ಇಡಿ, ಆಮೇಲೆ ವಾರಕ್ಕೆ 5 ಡಿಗ್ರಿ ಇಳಿಸುತ್ತಾ ಬನ್ನಿ. ಮಾತು ಸರಿಯಾಗೇ ಇದೆ, ಕೋಳಿ ಸಾಕಣೆ ಕಲಿಸೋರೆಲ್ಲ ಹೇಳೋದೂ ಇದನ್ನೇ. ನಮ್ಮ ಹುಡುಗ ಜಾಣ. 95 ಅನ್ನೋದು ಫ್ಯಾರನ್‌ಹೀಟ್ ಅಂತ ಗೊತ್ತಿತ್ತು, ಫೋನಲ್ಲಿ ಪರಿವರ್ತನೆ ಮಾಡಿ 35 ಸೆಲ್ಸಿಯಸ್‌ಗೆ ಇಟ್ಟ. ಅಲ್ಲಿಯವರೆಗೂ ಎಲ್ಲ ಸರಿ. ಆಮೇಲೆ ವಾರಕ್ಕೆ 5 ಇಳಿಸಿದ. 35, 30, 25, 20.

ಫ್ಯಾರನ್‌ಹೀಟ್‌ನ 5 ಡಿಗ್ರಿ ಇಳಿಕೆ ಅಂದ್ರೆ ಸೆಲ್ಸಿಯಸ್‌ನಲ್ಲಿ 2.8 ಡಿಗ್ರಿ ಇಳಿಕೆ. ಅವನು ಹೋಗಬೇಕಾಗಿದ್ದ ದಾರಿ 35, 32, 29.5, 27 ಹೀಗೆ. ಮೂರನೇ ವಾರ ಮರಿಗೆ ಸುಮಾರು 29.5 ಬೇಕಿತ್ತು, ಸಿಕ್ಕಿದ್ದು 25. ಹೊರಗೆ ಡಿಸೆಂಬರ್ ಕೊನೆಯ ರಾತ್ರಿ. ಪುಕ್ಕ ಇನ್ನೂ ಪೂರ್ತಿ ಬಲಿಯದ ಮರಿ ಬೆಚ್ಚಗಿರಲು ಇನ್ನೊಂದರ ಅಡಿ ನುಗ್ಗದೆ ಇನ್ನೇನು ಮಾಡೀತು?

ಇಲ್ಲಿ ಇನ್ನೊಂದು ಮಜಾ ಇದೆ. ನಿಮ್ಮ ಫೋನ್ ತೆಗೆದು "5 ಫ್ಯಾರನ್‌ಹೀಟ್ ಎಷ್ಟು ಸೆಲ್ಸಿಯಸ್" ಅಂತ ಕೇಳಿ. ಮೈನಸ್ 15 ಅನ್ನುತ್ತೆ. ಫೋನ್ ಹೇಳಿದ್ದು ಸುಳ್ಳಲ್ಲ. ಆದರೆ ನೀವು ಕೇಳಿದ ಪ್ರಶ್ನೆ ಬೇರೆ, ನಿಮಗೆ ಬೇಕಾದ ಪ್ರಶ್ನೆ ಬೇರೆ. ಥರ್ಮಾಮೀಟರ್ 5 ತೋರಿಸ್ತಿದ್ದರೆ ಅದು ಎಷ್ಟು ಅನ್ನೋದು ಒಂದು, 5 ಡಿಗ್ರಿ ಹೆಚ್ಚುಕಮ್ಮಿ ಮಾಡಿದರೆ ಎಷ್ಟು ಅನ್ನೋದು ಇನ್ನೊಂದು.

ಬಾವಿಯ ಲೆಕ್ಕ

ಇದನ್ನ ಬಾವಿ ಲೆಕ್ಕದಲ್ಲಿ ಹೇಳಿದರೆ ಸುಲಭ. ಬೋರ್‌ವೆಲ್ ಕಾಲದಲ್ಲಿ ತೆರೆದ ಬಾವಿ ಎಲ್ಲಿ ನೋಡ್ತೀರಿ, ಆದರೂ ಕಲ್ಪಿಸಿಕೊಳ್ಳಿ. ಒಬ್ಬ ನೆಲಮಟ್ಟದಿಂದ ನೀರಿನವರೆಗೆ ಗಜದಲ್ಲಿ ಅಳೆದ. ಇನ್ನೊಬ್ಬ ಕಟ್ಟೆಯ ತುದಿಯಿಂದ ಮೊಳದಲ್ಲಿ ಅಳೆದ. ಬಾವಿ ಒಂದೇ, ನೀರು ಒಂದೇ. ಇಬ್ಬರ ಅಂಕಿ ಬೇರೆ ಬೇರೆ ಯಾಕೆ? ಎರಡು ಕಾರಣ: ಅಳತೆಯ ಕೋಲು ಬೇರೆ, ಶುರು ಮಾಡಿದ ಜಾಗವೂ ಬೇರೆ. ಒಬ್ಬನ ಅಂಕಿಯನ್ನ ಇನ್ನೊಬ್ಬನದಕ್ಕೆ ತರಬೇಕಾದರೆ ಗಜವನ್ನ ಎರಡರಿಂದ ಗುಣಿಸಿ ಮೊಳ ಮಾಡಬೇಕು, ಮೇಲೆ ಕಟ್ಟೆಯ ಎತ್ತರ ಕೂಡಿಸಬೇಕು. ಆದರೆ ಬೇಸಿಗೆಯಲ್ಲಿ ನೀರು ಒಂದು ಗಜ ಇಳೀತು ಅಂದುಕೊಳ್ಳಿ. ಎಷ್ಟು ಮೊಳ ಇಳೀತು? ಎರಡು ಮೊಳ, ಅಷ್ಟೇ. ಇಳಿಕೆಯ ಲೆಕ್ಕಕ್ಕೆ ಕಟ್ಟೆಯ ಎತ್ತರ ಬೇಕಾಗಿಲ್ಲ.

ಸೆಲ್ಸಿಯಸ್, ಫ್ಯಾರನ್‌ಹೀಟ್ ಕಥೆ ಥೇಟ್ ಇದೇ. ಮಂಜುಗಡ್ಡೆ ಕರಗುವ ಬಿಸಿಯಿಂದ ನೀರು ಕುದಿಯುವ ಬಿಸಿಯವರೆಗಿನ ದೂರವನ್ನ ಸೆಲ್ಸಿಯಸ್ 100 ಮೆಟ್ಟಿಲು ಮಾಡುತ್ತೆ, ಫ್ಯಾರನ್‌ಹೀಟ್ 180 ಮೆಟ್ಟಿಲು ಮಾಡುತ್ತೆ. ಹಾಗಾಗಿ ಸೆಲ್ಸಿಯಸ್‌ನ ಒಂದು ಮೆಟ್ಟಿಲು ಫ್ಯಾರನ್‌ಹೀಟ್‌ನ 1.8 ಮೆಟ್ಟಿಲಿಗೆ ಸಮ. ಇನ್ನು ಕಟ್ಟೆಯ ಎತ್ತರ 32, ಯಾಕಂದ್ರೆ ಸೆಲ್ಸಿಯಸ್ ಸೊನ್ನೆ ಅನ್ನುವಲ್ಲಿ ಫ್ಯಾರನ್‌ಹೀಟ್ 32 ಅನ್ನುತ್ತೆ. ಥರ್ಮಾಮೀಟರ್ ತೋರಿಸುವ ಅಂಕಿಯನ್ನ ಬದಲಾಯಿಸುವಾಗ 1.8 ಮತ್ತು 32 ಎರಡೂ ಬೇಕು. ಏರಿಕೆ ಇಳಿಕೆಯನ್ನ ಬದಲಾಯಿಸುವಾಗ 1.8 ಮಾತ್ರ, 32 ಮುಟ್ಟಬೇಡಿ.

ಹವಾಮಾನ ಸುದ್ದಿಯಲ್ಲೂ ಇದು ಬರುತ್ತೆ. ಬಯಲು ಸೀಮೆಯಲ್ಲಿ ಗರಿಷ್ಠ ಉಷ್ಣಾಂಶ 40 ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚಾದಾಗ ಭಾರತೀಯ ಹವಾಮಾನ ಇಲಾಖೆ ಅದನ್ನ ಬಿಸಿಗಾಳಿ ಅಂತ ಲೆಕ್ಕ ಹಿಡಿಯುತ್ತೆ. ಆ 4.5 ಅನ್ನೋದು ಫ್ಯಾರನ್‌ಹೀಟ್‌ನಲ್ಲಿ 8.1 ಡಿಗ್ರಿ ಹೆಚ್ಚಳ. ಫೋನಿಗೆ ಕೊಟ್ಟರೆ 40.1 ಅನ್ನುತ್ತೆ. ಇದೇ ರೀತಿ ಜಾಗತಿಕ ತಾಪಮಾನದ 1.5 ಡಿಗ್ರಿ ಏರಿಕೆ ಅಂದರೆ ಫ್ಯಾರನ್‌ಹೀಟ್‌ನಲ್ಲಿ 2.7, ವಾಟ್ಸಾಪ್‌ನಲ್ಲಿ ಯಾರಾದರೂ 34.7 ಅಂತ ಕಳಿಸಿದರೆ ನಕ್ಕು ಬಿಡಿ.

ಯಾರಪ್ಪ ಇವರು?

ಫ್ಯಾರನ್‌ಹೀಟ್ ಹಳಬ. ಈಗಿನ ಪೋಲೆಂಡಿನ ಗ್ದಾನ್ಸ್ಕ್ ಊರಲ್ಲಿ ಹುಟ್ಟಿ, ಆಮ್‌ಸ್ಟರ್‌ಡ್ಯಾಮಿನಲ್ಲಿ ಉಪಕರಣ ಮಾಡಿಕೊಂಡಿದ್ದ ಕುಶಲಕರ್ಮಿ. 1724ರಲ್ಲಿ ತನ್ನ ಅಳತೆಯನ್ನ ಪ್ರಕಟಿಸಿದ. ಮಂಜುಗಡ್ಡೆ, ನೀರು, ನವಸಾಗರ ಮೂರನ್ನೂ ಬೆರೆಸಿ ಬಂದ ತಣ್ಣನೆಯ ಬಿಂದುವನ್ನ ಸೊನ್ನೆ ಅಂದ. ಸೆಲ್ಸಿಯಸ್ ಸ್ವೀಡನ್ನಿನ ಉಪ್ಸಾಲಾದ ಖಗೋಳ ವಿಜ್ಞಾನಿ, 1742ರವನು. ತಮಾಷೆ ಅಂದ್ರೆ ಅವನ ಮೂಲ ಅಳತೆ ತಲೆಕೆಳಗಾಗಿತ್ತು: ನೀರು ಕುದಿಯುವುದು ಸೊನ್ನೆ, ಮಂಜಾಗುವುದು 100. ಅವನು 1744ರಲ್ಲಿ ತೀರಿಕೊಂಡ ಮೇಲೆ ಅದನ್ನ ತಿರುಗಿಸಿದರು. ಇಲ್ಲದಿದ್ದರೆ ಪಾವಗಡದಲ್ಲಿ ಬೇಸಿಗೆ ಬಂದಂತೆ ಡಿಗ್ರಿ ಇಳೀತಾ ಹೋಗ್ತಿತ್ತು! ಸೆಂಟಿಗ್ರೇಡ್ ಅನ್ನೋದು ಬೇರೆಯದಲ್ಲ, ಇದರದ್ದೇ ಹಳೇ ಹೆಸರು. 1948ರಲ್ಲಿ ಅಧಿಕೃತವಾಗಿ ಸೆಲ್ಸಿಯಸ್ ಅಂತ ಆಯ್ತು.

ನಮ್ಮಲ್ಲಿ ಬ್ರಿಟಿಷರ ಕಾಲದಲ್ಲಿ ಎಲ್ಲ ಫ್ಯಾರನ್‌ಹೀಟ್. ಬಿ.ಎಲ್. ರೈಸ್ ಬರೆದ ಹಳೇ ಮೈಸೂರು ಗೆಜೆಟಿಯರ್ ತೆಗೆದರೂ ಹವೆಯ ಅಂಕಿ ಅದರಲ್ಲೇ ಇದೆ. 1956ರ ತೂಕ ಮತ್ತು ಅಳತೆ ಕಾಯಿದೆಯ ನಂತರ ಸೇರು ಹೋಗಿ ಕಿಲೋ ಬಂದ ಹಾಗೆ ಹವಾಮಾನವೂ ಸೆಲ್ಸಿಯಸ್‌ಗೆ ಬಂತು. ಜ್ವರ ಮಾತ್ರ ಬರಲಿಲ್ಲ. ಮನುಷ್ಯರ ಡಾಕ್ಟರೂ ದನದ ಡಾಕ್ಟರೂ ಇಂದಿಗೂ "ನೂರಾಎರಡು, ನೂರಾನಾಲ್ಕು" ಅಂತಲೇ ಹೇಳ್ತಾರೆ. ಅಮೆರಿಕ ಮತ್ತು ಬೆರಳೆಣಿಕೆಯ ಪುಟ್ಟ ದೇಶಗಳು ಪೂರ್ತಿ ಹಳೇದರಲ್ಲೇ ಉಳಿದುಕೊಂಡಿವೆ. ಯೂಟ್ಯೂಬಿನ ಬಹುಪಾಲು ಇಂಗ್ಲಿಷ್ ಕೃಷಿ ವಿಡಿಯೋ ಅಲ್ಲಿಂದಲೇ ಬರೋದು, ಹಾಗಾಗಿ ನಮಗೆ ಈ ತಲೆನೋವು.

ಬಾಯಿಲೆಕ್ಕ

ಹೊಲದಲ್ಲಿ ನಿಂತಾಗ ಸೂತ್ರ ನೆನಪಾಗಲ್ಲ. ಐದು ಜೋಡಿ ಬಾಯಿಪಾಠ ಮಾಡಿ ಸಾಕು: ಸೊನ್ನೆಗೆ 32, ಹತ್ತಕ್ಕೆ 50, ಇಪ್ಪತ್ತಕ್ಕೆ 68, ಮೂವತ್ತಕ್ಕೆ 86, ನಲವತ್ತಕ್ಕೆ 104. ಪ್ರತಿ ಹತ್ತಕ್ಕೆ 18 ಏರುತ್ತೆ, ಐದಕ್ಕೆ 9. ಅಂದ್ರೆ 35 ಸೆಲ್ಸಿಯಸ್ 95 ಆಯ್ತು, 25 ಅನ್ನೋದು 77. ಇನ್ನೂ ಒಂದು ಚಂದದ ಜೋಡಿ ಇದೆ, 28 ಸೆಲ್ಸಿಯಸ್ ಹೆಚ್ಚುಕಮ್ಮಿ 82 ಫ್ಯಾರನ್‌ಹೀಟ್. ಅಂಕಿ ತಿರುಗಿಸಿದರೆ ಆಯ್ತು. 16 ಮತ್ತು 61 ಕೂಡ ಹಾಗೇ.

ಮಧ್ಯದ ಅಂಕಿ ಬೇಕಾದರೆ ನಾನು ಮಾಡೋದು ಹೀಗೆ. ಸೆಲ್ಸಿಯಸ್ ಅಂಕಿಯನ್ನ ಎರಡರಷ್ಟು ಮಾಡಿ, ಅದರಲ್ಲಿ ಹತ್ತನೇ ಒಂದು ಭಾಗ ಕಳೆದು, 32 ಕೂಡಿಸಿ. 35 ಎರಡರಷ್ಟು 70, ಹತ್ತನೇ ಭಾಗ 7 ಕಳೆದರೆ 63, 32 ಕೂಡಿಸಿದರೆ 95. ಇದು ಅಂದಾಜಲ್ಲ, ಪಕ್ಕಾ ಲೆಕ್ಕ. ವಾಪಸ್ ಬರುವಾಗ 32 ಕಳೆದು, ಅರ್ಧ ಮಾಡಿ, ಆ ಅರ್ಧಕ್ಕೆ ಹತ್ತನೇ ಒಂದು ಭಾಗ ಸೇರಿಸಿ. 104ರಲ್ಲಿ 32 ಕಳೆದರೆ 72, ಅರ್ಧ 36, ಮೇಲೆ 3.6 ಸೇರಿ 39.6. ನಿಜವಾದ ಉತ್ತರ 40. ಇದು ಒಂಚೂರು ಕಮ್ಮಿ ತೋರಿಸುತ್ತೆ, ಹೊಲದ ಕೆಲಸಕ್ಕೆ ಪರವಾಗಿಲ್ಲ. ಬೀಜೋಪಚಾರಕ್ಕೆ ಮಾತ್ರ ಇದನ್ನ ನಂಬಬೇಡಿ, ಕಾರಣ ಮುಂದೆ ಹೇಳ್ತೀನಿ.

ಹುಳುಮನೆಯಲ್ಲಿ ಒಂದೊಂದು ಡಿಗ್ರಿಗೂ ಬೆಲೆ

ಮಧುಗಿರಿ, ಕೊರಟಗೆರೆ ಕಡೆ ರೇಷ್ಮೆ ಮಾಡೋರಿಗೆ ಈ ಲೆಕ್ಕ ಹೊಸದೇನಲ್ಲ, ಆದರೂ ಎರಡು ಮಾತು. ಮೊದಲನೇ ಹಂತದ ಚಾಕಿ ಹುಳುವಿಗೆ 28 ಸೆಲ್ಸಿಯಸ್, ಆಮೇಲೆ ಪ್ರತಿ ಜ್ವರ ಎದ್ದ ಮೇಲೆ ಒಂದೊಂದು ಡಿಗ್ರಿ ಇಳಿಸುತ್ತಾ ಐದನೇ ಹಂತಕ್ಕೆ 24. ಫ್ಯಾರನ್‌ಹೀಟ್‌ನಲ್ಲಿ ಹೇಳೋದಾದರೆ 82.4ರಿಂದ 75.2. ಇಡೀ ಬೆಳೆಯ ಏರಿಳಿತ ಸೆಲ್ಸಿಯಸ್‌ನಲ್ಲಿ ಬರೀ ನಾಲ್ಕು ಡಿಗ್ರಿ. ತೇವಾಂಶವೂ ಚಾಕಿಯಲ್ಲಿ ಶೇ. 85ರ ಆಸುಪಾಸಿನಿಂದ ಕೊನೆಗೆ ಶೇ. 70ಕ್ಕೆ ಇಳೀಬೇಕು.

ಹಳಬರು ಫ್ಯಾರನ್‌ಹೀಟ್ ಸಾಲು ನೋಡ್ತಾರೆ. ಮಗ ಸೆಲ್ಸಿಯಸ್ ಸಾಲು ನೋಡ್ತಾನೆ. ಅಪ್ಪ "ಎರಡು ಡಿಗ್ರಿ ಜಾಸ್ತಿ ಇದೆ, ಕಿಟಕಿಗೆ ಒದ್ದೆ ಗೋಣಿ ಕಟ್ಟು" ಅಂದರೆ ಅದು ಸೆಲ್ಸಿಯಸ್‌ನಲ್ಲಿ ಒಂದು ಡಿಗ್ರಿ ಚಿಲ್ಲರೆ. ಮಗ "ಎರಡು ಡಿಗ್ರಿ ಜಾಸ್ತಿ" ಅಂದರೆ ಅಪ್ಪನ ಲೆಕ್ಕದಲ್ಲಿ ಮೂರೂವರೆ. ಕೊನೆ ಹಂತದ ಹುಳು 30 ಸೆಲ್ಸಿಯಸ್ ದಾಟಿದ ಮನೆಯಲ್ಲಿ ದಿನಗಟ್ಟಲೆ ಇದ್ದರೆ ಸೊಪ್ಪು ತಿನ್ನೋದು ಕಮ್ಮಿಯಾಗುತ್ತೆ, ಸಪ್ಪೆ ರೋಗಕ್ಕೆ ದಾರಿ. ಮನೆಯಲ್ಲಿ ಇಬ್ಬರೂ ಒಂದೇ ಸಾಲು ನೋಡೋದು ಅಂತ ತೀರ್ಮಾನ ಮಾಡಿ, ಇನ್ನೊಂದು ಸಾಲಿನ ಮೇಲೆ ಟೇಪ್ ಅಂಟಿಸಿಬಿಡಿ. ಯಾವ ಸಾಲು ಅನ್ನೋದು ಮುಖ್ಯ ಅಲ್ಲ.

ಗೊಬ್ಬರ ಮತ್ತು ಬೀಜ

ಸಾವಯವಕ್ಕೆ ಬಂದ ಹೊಸಬರು ಬಿಸಿ ಗೊಬ್ಬರದ ವಿಡಿಯೋ ನೋಡಿ ನನಗೆ ಫೋನ್ ಮಾಡ್ತಾರೆ: "ಸಾರ್, 131 ಡಿಗ್ರಿ ಬರಬೇಕಂತೆ, ನಮ್ಮ ಗುಡ್ಡೆ 60 ದಾಟ್ತಾನೇ ಇಲ್ಲ." ಅಮೆರಿಕದ ಸಾವಯವ ನಿಯಮದಲ್ಲಿ ಹೇಳಿರೋದು 131ರಿಂದ 170 ಫ್ಯಾರನ್‌ಹೀಟ್, ಸಾಲುಗುಡ್ಡೆಯಲ್ಲಾದರೆ 15 ದಿನ, ಅಷ್ಟರಲ್ಲಿ ಐದು ಸಲ ಮಗುಚಬೇಕು. ಸೆಲ್ಸಿಯಸ್‌ನಲ್ಲಿ ಇದು 55ರಿಂದ 77. ಅಂದ್ರೆ ಫೋನ್ ಮಾಡಿದವರ ಗುಡ್ಡೆ ಭರ್ಜರಿಯಾಗಿ ಕಾಯ್ತಾ ಇದೆ. ಇವರು ಮಾತ್ರ ಕಾದಿಲ್ಲ ಅಂತ ಇನ್ನಷ್ಟು ಸಗಣಿ, ಇನ್ನಷ್ಟು ಹಸಿಸೊಪ್ಪು ತುರುಕ್ತಾ ಇದ್ದಾರೆ. ನನ್ನ ಕೇಳಿದರೆ 77ರವರೆಗೆ ಹೋಗೋದೇ ಬೇಡ. 65 ದಾಟಿತು ಅಂದರೆ ಮಗುಚಿ, 70 ದಾಟಿದರೆ ಗೊಬ್ಬರ ಮಾಡೋ ಜೀವಿಗಳೇ ಸಾಯ್ತವೆ. ಉಲ್ಟಾ, 45ರಲ್ಲೇ ನಿಂತುಬಿಟ್ಟರೆ ಕಳೆಬೀಜ ಬದುಕಿಕೊಳ್ಳುತ್ತೆ. ಕಾಂಗ್ರೆಸ್ ಗಿಡ ಹಾಕಿ ಮಾಡಿದ ಗೊಬ್ಬರ ಹೊಲಕ್ಕೆ ಹೊಡೆದು, ಆಮೇಲೆ ವರ್ಷವಿಡೀ ಕಳೆ ಕೀಳೋದು ನಮ್ಮ ಕಡೆ ನೋಡದ ದೃಶ್ಯವೇನಲ್ಲ. ಕಡ್ಡಿಯನ್ನ ಗುಡ್ಡೆಯ ನಡುವಿನವರೆಗೂ ಚುಚ್ಚಿ ನೋಡಿ, ಮೇಲ್ಪದರದ ಬಿಸಿ ಲೆಕ್ಕಕ್ಕಿಲ್ಲ.

ಈಗ ಬೀಜದ ವಿಷಯ. ಬೀಜದೊಳಗೆ ಸೇರಿಕೊಂಡ ಬ್ಯಾಕ್ಟೀರಿಯಾ ರೋಗಗಳಿಗೆ ಔಷಧಿಯಿಲ್ಲದ ಉಪಚಾರ ಅಂದರೆ ಬಿಸಿನೀರು. ಟೊಮೆಟೊ, ಎಲೆಕೋಸಿಗೆ 122 ಫ್ಯಾರನ್‌ಹೀಟ್ ನೀರಲ್ಲಿ 25 ನಿಮಿಷ, ಹೂಕೋಸಿಗೆ ಅದೇ ಬಿಸಿಯಲ್ಲಿ 20 ನಿಮಿಷ, ಮೆಣಸಿನಕಾಯಿಗೆ 125ರಲ್ಲಿ 30 ನಿಮಿಷ ಅಂತ ಅಮೆರಿಕದ ಪಟ್ಟಿಗಳಲ್ಲಿ ಇದೆ. 122 ಅಂದರೆ ಸರಿಯಾಗಿ 50 ಸೆಲ್ಸಿಯಸ್. 125 ಅಂದರೆ 51.7. ಎರಡರ ನಡುವೆ ಇರೋದು ಬರೀ 1.7 ಡಿಗ್ರಿ. ರೋಗಾಣು ಸಾಯುವ ಬಿಸಿಗೂ ಬೀಜದ ಮೊಳಕೆ ಸಾಯುವ ಬಿಸಿಗೂ ಅಂತರ ಇಷ್ಟು ಸಣ್ಣದು. ಅದಕ್ಕೇ ಬಾಯಿಲೆಕ್ಕ ಇಲ್ಲಿ ಬೇಡ ಅಂದೆ. "ಸುಮಾರು 50-55" ಅಂತ ಮಾಡಿದ ಬೀಜ ಸಸಿತಟ್ಟೆಯಲ್ಲಿ ಕೊಳೆಯುತ್ತೆ, ಹೈಬ್ರಿಡ್ ಬೀಜದ ಬೆಲೆ ನಿಮಗೆ ಗೊತ್ತೇ ಇದೆ.

ಮಾಡೋದಾದರೆ ಬೀಜವನ್ನ ತೆಳು ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ, ಮೊದಲು 38 ಸೆಲ್ಸಿಯಸ್ ನೀರಲ್ಲಿ 10 ನಿಮಿಷ ಬೆಚ್ಚಗೆ ಮಾಡಿ, ಆಮೇಲೆ 50ರ ನೀರಿಗೆ ಹಾಕಿ ಕದಡುತ್ತಾ ಇರಿ. ದೊಡ್ಡ ಪಾತ್ರೆ ತಗೊಳ್ಳಿ, ಸಣ್ಣ ಪಾತ್ರೆಯಲ್ಲಿ ಬಿಸಿ ಬೇಗ ಇಳಿಯುತ್ತೆ. ಪಕ್ಕದಲ್ಲಿ ಕುದಿನೀರು ಇಟ್ಟುಕೊಂಡು ಇಳಿದಂತೆ ಸ್ವಲ್ಪ ಸ್ವಲ್ಪ ಸೇರಿಸಿ, ಬೀಜದ ಗಂಟಿನ ಮೇಲೆ ನೇರ ಸುರೀಬೇಡಿ. ಹೊತ್ತಾದ ತಕ್ಷಣ ತಣ್ಣೀರಿಗೆ ಅದ್ದಿ ನೆರಳಲ್ಲಿ ಆರಿಸಿ. ಕಂಪನಿಯವರು ಬಣ್ಣದ ಔಷಧಿ ಸವರಿ ಕೊಟ್ಟ ಬೀಜಕ್ಕೆ, ಹಳೇ ಬೀಜಕ್ಕೆ ಇದು ಬೇಡ. ಮೊದಲು 50 ಬೀಜಕ್ಕೆ ಮಾಡಿ, ಒದ್ದೆ ಬಟ್ಟೆಯಲ್ಲಿ ಮೊಳಕೆ ನೋಡಿ, ಆಮೇಲೆ ಉಳಿದದ್ದಕ್ಕೆ ಕೈ ಹಾಕಿ.

ಕೊಳವೆಬಾವಿ ನೀರಲ್ಲಿ ಬೇಸಿಗೆ ಕಡಲೆಕಾಯಿ ಹಾಕೋರು ಇನ್ನೊಂದು ಅಂಕಿ ಇಟ್ಟುಕೊಳ್ಳಿ. ನಾಲ್ಕು ಇಂಚು ಆಳದ ಮಣ್ಣು ಮೂರು ದಿನ ಸತತ 65 ಫ್ಯಾರನ್‌ಹೀಟ್ ಇರಬೇಕು ಅಂತ ಓದಿರ್ತೀರಿ. ಅದು ನಮ್ಮ 18 ಸೆಲ್ಸಿಯಸ್. ಮುಂಗಾರಿನ ಬಿತ್ತನೆಗೆ ಈ ಚಿಂತೆಯೇ ಇಲ್ಲ, ಜನವರಿಯ ಥಂಡಿಯಲ್ಲಿ ಬಿತ್ತೋರು ಮಾತ್ರ ಬೆಳಗಿನ ಹೊತ್ತು ಒಮ್ಮೆ ಚುಚ್ಚಿ ನೋಡಿ.

ಹಸು, ಕುರಿ

ಹಸುವಿನ ಮಾಮೂಲಿ ಮೈಬಿಸಿ ಸುಮಾರು 101.5 ಫ್ಯಾರನ್‌ಹೀಟ್, ಅಂದರೆ 38.6 ಸೆಲ್ಸಿಯಸ್. ಕುರಿ ಮೇಕೆ ಸ್ವಲ್ಪ ಬಿಸಿ, 102-103, ಅಂದರೆ 39ರಿಂದ 39.5. ಡಿಜಿಟಲ್ ಥರ್ಮಾಮೀಟರಿನಲ್ಲಿ ಗುಂಡಿ ಒತ್ತಿ ಹಿಡಿದರೆ ಎಷ್ಟೋ ಸಲ ಎಫ್ ಹೋಗಿ ಸಿ ಬಂದುಬಿಡುತ್ತೆ. ಕರು ಹಾಕಿದ ಮಾರನೇ ದಿನ ಹಸು ಮಲಗಿದೆ, ಥರ್ಮಾಮೀಟರ್ 38.6 ತೋರಿಸ್ತಿದೆ, ಮನೆಯವರೆಲ್ಲ "ಮೈ ತಣ್ಣಗಾಗಿಬಿಟ್ಟಿದೆ" ಅಂತ ಗಾಬರಿ. ಹಾಲು ಜ್ವರದಲ್ಲಿ ಹೆಸರಿಗೆ ಜ್ವರ ಅಂತಿದ್ದರೂ ಮೈಬಿಸಿ ಇಳಿಯೋದು ನಿಜ, ಹಾಗಾಗಿ ಇಲ್ಲಿ ಅಂಕಿ ತಪ್ಪಿ ಓದಿದರೆ ಡಾಕ್ಟರಿಗೆ ಹೇಳೋ ಮಾತೇ ತಪ್ಪಾಗುತ್ತೆ. ಫೋನ್ ಮಾಡುವಾಗ ಅಂಕಿಯ ಜೊತೆ ಪರದೆ ಮೇಲಿನ ಸಿ ಅಥವಾ ಎಫ್ ಅಕ್ಷರವನ್ನೂ ಓದಿ ಹೇಳಿ.

ಜೋಳದ ಡಿಗ್ರಿ ದಿನ

ಮುಸುಕಿನ ಜೋಳ ಬೆಳೆಯೋರು ಈಗ ಆ್ಯಪ್‌ಗಳಲ್ಲಿ ಡಿಗ್ರಿ ದಿನ ಅನ್ನೋ ಲೆಕ್ಕ ನೋಡ್ತಿರಬಹುದು. ದಿನದ ಗರಿಷ್ಠ, ಕನಿಷ್ಠ ಎರಡರ ಸರಾಸರಿ ತೆಗೆದು ಅದರಲ್ಲಿ 10 ಕಳೆಯೋದು. ಇವತ್ತು 34 ಮತ್ತು 20 ಇದ್ದರೆ ಸರಾಸರಿ 27, ಹತ್ತು ಕಳೆದರೆ 17 ಸಿಕ್ತು. ದಿನಾ ಕೂಡಿಸ್ತಾ ಹೋದರೆ ಬೆಳೆ ಯಾವ ಹಂತದಲ್ಲಿದೆ ಅಂತ ಕ್ಯಾಲೆಂಡರಿಗಿಂತ ಚೆನ್ನಾಗಿ ಗೊತ್ತಾಗುತ್ತೆ. ಅಮೆರಿಕದವರು 10ರ ಬದಲು 50 ಕಳೀತಾರೆ, ಅವರಿಗೆ ಇದೇ ದಿನ 30.6 ಸಿಗುತ್ತೆ. ಹಾಗಾಗಿ ಅಲ್ಲಿಯ ತಳಿಗೆ 2,700 ಡಿಗ್ರಿ ದಿನ ಬೇಕು ಅಂತ ಬರೆದಿದ್ದರೆ ಅದು ನಮ್ಮ ಲೆಕ್ಕದಲ್ಲಿ 1,500. ಇದೂ ಬಾವಿಯ ಇಳಿಕೆಯ ಜಾತಿಯ ಲೆಕ್ಕ, 1.8ರಿಂದ ಭಾಗಿಸಿದರೆ ಸಾಕು, 32ರ ಮಾತಿಲ್ಲ.

ಪಾವಗಡದ ಬಿಸಿಲು ಮತ್ತು ಕೆಲ್ವಿನ್

ಮೂರನೆಯ ಅಳತೆ ಕೆಲ್ವಿನ್. ಎಲ್ಇಡಿ ಬಲ್ಬಿನ ಡಬ್ಬದ ಮೇಲೆ 6500 ಅಂತ ಬರೆದು ಮುಂದೆ ಒಂದು ಕೆ ಇರುತ್ತಲ್ಲ, ಅದೇ ಇದು, ಅಲ್ಲಿ ಬೆಳಕಿನ ಬಣ್ಣ ಹೇಳಲಿಕ್ಕೆ ಬಳಸ್ತಾರೆ. ಕೆಲ್ವಿನ್ ಮೆಟ್ಟಿಲಿನ ಅಳತೆ ಸೆಲ್ಸಿಯಸ್‌ನದ್ದೇ, ಶುರುವಾಗೋದು ಮಾತ್ರ ಪ್ರಪಂಚದಲ್ಲಿ ಇದಕ್ಕಿಂತ ತಣ್ಣಗೆ ಸಾಧ್ಯವೇ ಇಲ್ಲ ಅನ್ನೋ ಜಾಗದಿಂದ, ಅಂದರೆ ಮೈನಸ್ 273.15 ಸೆಲ್ಸಿಯಸ್‌ನಿಂದ. 40 ಡಿಗ್ರಿ ಅನ್ನೋದು 20 ಡಿಗ್ರಿಯ ಎರಡರಷ್ಟು ಬಿಸಿ ಅಂತ ಹೇಳೋರಿದ್ದಾರೆ. ಕೆಲ್ವಿನ್‌ನಲ್ಲಿ ನೋಡಿದರೆ ಅದು 293ರಿಂದ 313ಕ್ಕೆ ಹೋದಂತೆ, ಶೇ. 7ರಷ್ಟೂ ಹೆಚ್ಚಲ್ಲ.

ರೈತರಿಗೆ ಇದರ ಕೆಲಸ ಏನು ಅಂತೀರಾ? ಸೋಲಾರ್ ಪಂಪ್ ಹಾಕಿಸಿದೋರು ಪ್ಯಾನೆಲ್ಲಿನ ವಿವರ ಪತ್ರ ತೆಗೆದು ನೋಡಿ. ಪ್ಯಾನೆಲ್ಲಿನ ಶಕ್ತಿಯನ್ನ ಅಳೆದಿರೋದು ಅದರ ಬಿಲ್ಲೆ 25 ಸೆಲ್ಸಿಯಸ್ ಇದ್ದಾಗ. ಅದಕ್ಕಿಂತ ಪ್ರತಿ ಒಂದು ಕೆಲ್ವಿನ್ ಏರಿದರೆ ಶೇ. 0.3ರಿಂದ 0.4ರಷ್ಟು ಕಮ್ಮಿಯಾಗುತ್ತೆ ಅಂತ ಬರೆದಿರ್ತಾರೆ. ಒಂದು ಕೆಲ್ವಿನ್ ಏರಿಕೆ ಅಂದರೆ ಒಂದು ಸೆಲ್ಸಿಯಸ್ ಏರಿಕೆಯೇ, 273 ಕೂಡಿಸೋ ಕೆಲಸ ಇಲ್ಲ. ಏಪ್ರಿಲ್ ಮಧ್ಯಾಹ್ನ ಪ್ಯಾನೆಲ್ 60 ಸೆಲ್ಸಿಯಸ್‌ಗೆ ಕಾದಿದೆ ಅಂದುಕೊಂಡರೆ 35 ಡಿಗ್ರಿ ಹೆಚ್ಚು, 0.4ರಂತೆ ಶೇ. 14 ಕಮ್ಮಿ. 4,800 ವಾಟ್ ಪ್ಯಾನೆಲ್ ಕೊಡೋದು 4,130ರ ಹತ್ತಿರ. ಇಷ್ಟು ಬಿಸಿಲಿದ್ದೂ ಪಂಪ್ ಯಾಕೆ ಮಂಕಾಯ್ತು ಅಂತ ಮೆಕ್ಯಾನಿಕ್ಕನ್ನ ಕರೆಸೋ ಮುಂಚೆ ಈ ಲೆಕ್ಕ ಹಾಕಿ. ಪಾವಗಡದ ತಿರುಮಣಿ, ವಳ್ಳೂರು ಸುತ್ತ ಸುಮಾರು 13,000 ಎಕರೆಯಲ್ಲಿ ಹರಡಿರುವ 2,050 ಮೆಗಾವಾಟ್ ಸೋಲಾರ್ ಪಾರ್ಕಿಗೂ ಇದೇ ನಿಯಮ. ಪ್ಯಾನೆಲ್ಲಿಗೆ ಬೇಕಿರೋದು ಬೆಳಕು, ಶಾಖ ಅಲ್ಲ. ಅಡಿಯಲ್ಲಿ ಗಾಳಿಯಾಡೋ ಹಾಗೆ ಎತ್ತರದಲ್ಲಿ ಕೂರಿಸಿ.

ಫೋನ್ ಹೇಳೋ 38, ನೆಲದ ಮೇಲಿನ 38 ಅಲ್ಲ

ಮೇಘದೂತ್ ಆ್ಯಪ್ ಇರಲಿ, ಟಿವಿ ಇರಲಿ, ಗರಿಷ್ಠ 38 ಅಂದರೆ ಅದು ನೆರಳಿನ ಗಾಳಿಯ ಬಿಸಿ. ಬಯಲಲ್ಲಿ ಎದೆಮಟ್ಟದಲ್ಲಿ, ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ ಅಳೆದದ್ದು. ಅದೇ ಹೊತ್ತಿಗೆ ನಿಮ್ಮ ಹೊಲದ ಬರಿ ಮಣ್ಣಿನ ಮೇಲ್ಮೈ 50 ದಾಟಿರುತ್ತೆ. ಬೇಸಿಗೆಯಲ್ಲಿ ಎಳೆ ಸಸಿಯ ಕಾಂಡ ಮಣ್ಣಿಗೆ ತಾಗೋ ಜಾಗದಲ್ಲೇ ಸುಟ್ಟು ಬೀಳೋದು ಇದಕ್ಕೇ. ಮುಚ್ಚಿಗೆ ಹಾಕಿ ಅಂತ ಬಡಕೊಳ್ಳೋದೂ ಇದಕ್ಕೇ. ಇನ್ನು ಫೋನಿನೊಳಗೇ ಥರ್ಮಾಮೀಟರ್ ಇದೆ ಅಂತ ಹೇಳೋ ಆ್ಯಪ್‌ಗಳು ಬಹುತೇಕ ತೋರಿಸೋದು ಬ್ಯಾಟರಿಯ ಬಿಸಿ. ದಾಳಿಂಬೆ ತೋಟದಲ್ಲಿ ನಿಂತು ಅದನ್ನ ನೋಡಿ ಸಿಂಪಡಣೆ ಹೊತ್ತು ನಿರ್ಧಾರ ಮಾಡಬೇಡಿ. ಗನ್ನಿನಂತೆ ಹಿಡಿದು ಒತ್ತುವ ಮೀಟರ್ ಮೇಲ್ಮೈ ಬಿಸಿ ಹೇಳುತ್ತೆ, ಗಾಳಿಯದ್ದಲ್ಲ. ಹೊಳೆಯೋ ತಗಡಿನ ಮೇಲೆ ಅದೂ ಸುಳ್ಳು ಹೇಳುತ್ತೆ.

ಅಗ್ಗದ ಡಿಜಿಟಲ್ ಮೀಟರ್ ಒಂದು ಡಿಗ್ರಿ ಆಚೀಚೆ ಇರೋದು ಮಾಮೂಲು. ತಂದ ದಿನವೇ ಪರೀಕ್ಷೆ ಮಾಡಿ. ಲೋಟದ ತುಂಬ ಪುಡಿ ಮಾಡಿದ ಐಸ್ ಹಾಕಿ, ಸಂದು ತುಂಬುವಷ್ಟು ಮಾತ್ರ ನೀರು ಹಾಕಿ, ಕದಡಿ ಐದು ನಿಮಿಷ ಬಿಟ್ಟು ಮೀಟರಿನ ತುದಿ ಇಳಿಬಿಡಿ. ಸೊನ್ನೆ ಅಥವಾ 32 ಬರಬೇಕು. ಆಮೇಲೆ ಕುದಿಯೋ ನೀರು, ಆದರೆ ಮೀಟರಿಗೆ ಅಷ್ಟು ಬಿಸಿ ತಡೆಯೋ ಶಕ್ತಿ ಇದ್ದರೆ ಮಾತ್ರ. ಜ್ವರದ ಥರ್ಮಾಮೀಟರನ್ನ ಕುದಿನೀರಿಗೆ ಹಾಕಿದರೆ ಅಲ್ಲಿಗೆ ಅದರ ಕಥೆ ಮುಗೀತು. ಇಲ್ಲಿ 100 ಬರಲಿಲ್ಲ ಅಂತ ಅಂಗಡಿಯವನ ಜೊತೆ ಜಗಳಕ್ಕೆ ಹೋಗಬೇಡಿ. ನೀರು 100ಕ್ಕೆ ಕುದಿಯೋದು ಸಮುದ್ರ ಮಟ್ಟದಲ್ಲಿ. ಎತ್ತರ ಹೋದಂತೆ ಗಾಳಿಯ ಒತ್ತಡ ಇಳಿದು ಪ್ರತಿ 300 ಮೀಟರಿಗೆ ಸುಮಾರು ಒಂದು ಡಿಗ್ರಿ ಕಮ್ಮಿಗೇ ಕುದಿಯುತ್ತೆ. ಸೆಲ್ಸಿಯಸ್ ಕೂಡ ತನ್ನ ಬರಹದಲ್ಲಿ ಇದನ್ನ ಗುರುತಿಸಿದ್ದ. ನಮ್ಮ ನಾಲ್ಕು ತಾಲ್ಲೂಕಿನ ಊರುಗಳು ಹೆಚ್ಚುಕಮ್ಮಿ 650ರಿಂದ 800 ಮೀಟರ್ ಎತ್ತರದಲ್ಲಿವೆ, ಹಾಗಾಗಿ 97ರಿಂದ 98 ಬಂದರೆ ನಿಮ್ಮ ಮೀಟರ್ ಸರಿಯಾಗಿದೆ. ಸುಮಾರು 1,200 ಮೀಟರಿನ ಮಧುಗಿರಿ ಬೆಟ್ಟದ ತುದಿಗೆ ಸ್ಟೌ ಹೊತ್ತುಕೊಂಡು ಹೋದರೆ 96ಕ್ಕೇ ಕುದಿಯುತ್ತೆ. ಎಷ್ಟು ಹೆಚ್ಚು ಅಥವಾ ಕಮ್ಮಿ ತೋರಿಸುತ್ತೆ ಅನ್ನೋದನ್ನ ಒಂದು ಚೂರು ಟೇಪ್ ಮೇಲೆ ಬರೆದು ಮೀಟರಿನ ಬೆನ್ನಿಗೆ ಅಂಟಿಸಿ, ಜೊತೆಗೆ ಸಿ ಅಥವಾ ಎಫ್ ಅಂತಲೂ ದಪ್ಪಗೆ ಬರೀರಿ.